ಖಾಲಿ ಬಂದ ಸೂಜಿ

ಜೂನ್ ಕೊನೆಯ ದಿನ ಬಾಯಾರು ನಿವೃತ್ತರಾದರು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟು: ‘ಬೆಳಿಗ್ಗೆ ಮೋಡ, ಮಳೆ ಇಲ್ಲ. ರಕ್ತದ ಸ್ಲೈಡು ಒಂಬತ್ತು, ಮಜ್ಜೆ ಇಲ್ಲ. ಕರೆಂಟು ಎರಡು ಸಲ ಹೋಯಿತು. ಮಧ್ಯಾಹ್ನ ಸಮಾರಂಭ. ಬಾಯಾರು ಐದೂವರೆಯ ಬಸ್ಸಿಗೆ ಜೇವರ್ಗಿಗೆ ಹೋದರು.’

ಮರುದಿನ ಓದಿ ನೋಡಿದೆ. ಎಂಟು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತವರು ಹೋದ ದಿನ ನಾನು ಬರೆದಿಟ್ಟದ್ದು ಬಸ್ಸಿನ ಹೊತ್ತು. ದಿನಾಂಕ ಹಾಕುವುದು, ಲೆಕ್ಕ ಕೂಡಿಸುವುದು ನನಗೆ ಶಾಲೆಯಲ್ಲಿದ್ದಾಗ ಹತ್ತಿದ ಚಟ. ಅದರಿಂದ ನಷ್ಟವೇನೂ ಆಗಿಲ್ಲ. ಆದರೆ ಆ ಸಾಲುಗಳಲ್ಲಿ ಬಾಯಾರು ಇಲ್ಲ. ಹಾಗಾಗಿ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಆಳಂದದ ಒಂದು ಧರ್ಮದ ದವಾಖಾನೆಯ ಲ್ಯಾಬಿಗೆ ಅವರು ಡಾಕ್ಟರು, ನಾನು ಅವರ ಕೈಕೆಳಗಿನ ಟೆಕ್ನಿಷಿಯನ್. ಊರಿನವರು ‘ಡಾಕ್ಟರ್ ಬಾಯಿ’ ಅನ್ನುತ್ತಿದ್ದರು, ನಾವು ‘ಬಾಯಾರು’. ಹೆಸರು ಬರೆಯುವುದಿಲ್ಲ. ಬರೆದರೆ, ‘ಸ್ಲೈಡಿನ ಮ್ಯಾಲ ನಂಬರ್ ಬರಿ ಅಂದ್ರ ಮರೀತಿ, ನನ್ನ ಹೆಸರು ಮಾತ್ರ ನೆನಪಿಟ್ಟು ಬರೀತಿ’ ಎಂದು ಬೈದಾರು.

ಎಂಬತ್ತನಾಲ್ಕರಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವೂರು ತಮ್ಮಾ?”

“ಅಂದೋಲಾ ರಿ.”

“ಮಠದ ಊರವ. ಹಂಗಾರ ಸುಮ್ನ ಕೂಡೂದು ಗೊತ್ತಿರಬೇಕು. ಕೂಡು.”

ಕೂತೆ. ಅವತ್ತು ಸಂಜೆವರೆಗೆ ಅವರು ಮತ್ತೆ ಮಾತಾಡಲಿಲ್ಲ.

ಉದ್ದನೆಯ, ಸಣಕಲು ಮೈಯ ಹೆಂಗಸು. ಹೈದರಾಬಾದಿನಲ್ಲಿ ಓದಿದವರು. ಬಿಳಿ ಕೋಟಿನ ಕೆಳಗೆ ಹತ್ತಿಯ ಸೀರೆ, ಕನ್ನಡಕಕ್ಕೆ ಕಟ್ಟಿದ ಕಪ್ಪು ದಾರ. ಸ್ಲೈಡಿಗೆ ಹಾಕುವ ಬಣ್ಣ ಹತ್ತಿ ಅವರ ಬೆರಳ ತುದಿಗಳು ಸದಾ ನೇರಳೆ. ಮದುವೆಮನೆಯಲ್ಲಿ ಯಾರಾದರೂ ಕೈ ನೋಡಿದರೆ, “ನಮ್ಮ ಖಾತೇದ ಮೆಹಂದಿ ಇದು, ತೊಳದ್ರ ಹೋಗಂಗಿಲ್ಲ” ಅನ್ನುತ್ತಿದ್ದರು. ಬೆಳಿಗ್ಗೆ ಬಂದಾಗ ಎಷ್ಟು ದಣಿದಿರುತ್ತಿದ್ದರೋ ಸಂಜೆ ಹೋಗುವಾಗಲೂ ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕುರ್ಚಿಯಲ್ಲಿ ಕೂತು “ಯಾ ಅಲ್ಲಾ” ಎಂದು ಉಸಿರು ಬಿಟ್ಟರೆ ದಿನ ಶುರುವಾಯಿತು. ಯಾವುದಾದರೂ ಸ್ಲೈಡು ತೊಡಕಿನದಾದರೆ ಮೇಜಿನ ಕೆಳಗೆ ಚಪ್ಪಲಿ ಕಳಚುತ್ತಿದ್ದರು. ಬರಿಗಾಲನ್ನು ತಣ್ಣನೆಯ ಫರಸಿಕಲ್ಲಿನ ಮೇಲೆ ಊರಿ ಮೈಕ್ರೋಸ್ಕೋಪಿಗೆ ಬಾಗುವರು. ತೀರ್ಮಾನವಾದ ಮೇಲೆ ಕಾಲು ಮತ್ತೆ ಚಪ್ಪಲಿಗೆ. ವರದಿ ಯಾವಾಗ ಸಿಗುತ್ತದೆ ಎಂದು ಹೊರಗೆ ಕೂತವರು ಕೇಳಿದರೆ ನಾನು ಬಗ್ಗಿ ಅವರ ಕಾಲು ನೋಡಿ ಹೇಳುತ್ತಿದ್ದೆ.

ನಮ್ಮಲ್ಲಿ ಮಜ್ಜೆ ತೆಗೆಯುವುದು ತಿಂಗಳಿಗೆ ಬೆರಳೆಣಿಕೆಯಷ್ಟು. ಸೊಂಟದ ಎಲುಬಿಗೆ ಮರಗಟ್ಟುವ ಔಷಧಿ ಕೊಟ್ಟು, ದಪ್ಪ ಸೂಜಿಯನ್ನು ತಿರುವುತ್ತ ಇಳಿಸಿ, ಸಿರಿಂಜು ಹಚ್ಚಿ ಎಳೆಯಬೇಕು. ಎಳೆಯುವ ಆ ಕ್ಷಣಕ್ಕೆ ಯಾವ ಔಷಧಿಯೂ ನಾಟುವುದಿಲ್ಲ. ಗಟ್ಟಿಮುಟ್ಟಾದ ಗಂಡಸರೂ ಕೂಗುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಕೊಡಬೇಕಲ್ಲ, ಹಾಗಾಗಿ ನಾನು ಬಂದ ಹೊಸದರಲ್ಲಿ ಎರಡು ಕಾಲಂ ಗೆರೆ ಹಾಕಿದ್ದೆ: ‘ಬಂತು’, ‘ಬರಲಿಲ್ಲ’. ಕೆಲವರಲ್ಲಿ ಎಷ್ಟು ಎಳೆದರೂ ಸಿರಿಂಜು ಖಾಲಿ. ಅದು ಎರಡನೆಯದಕ್ಕೆ.

ಬಾಯಾರು ಅದನ್ನು ನೋಡಿ ಪೆನ್ನಿನಿಂದ ಅಡ್ಡಗೆರೆ ಎಳೆದರು.

“ಬರಲಿಲ್ಲ ಅಂದ್ರ ನಮ್ಮ ಕೈಲಿ ಆಗಲಿಲ್ಲ ಅಂತ ಅರ್ಥ. ಒಂದ ಕಡೆ ಖಾಲಿ ಬಂದ್ರ ಹಂಗ ಇರಬಹುದು, ನನ್ನ ಕೈನೇ ತಪ್ಪಿರಬಹುದು. ಇನ್ನೊಂದ ಕಡೆ ಹಾಕು. ಅಲ್ಲೂ ಖಾಲಿ ಬಂತಂದ್ರ ‘ಒಣ’ ಅಂತ ಬರಿ. ಅದು ಎಲುಬು ಕೊಟ್ಟ ಜವಾಬು. ನಮಗ ಬೇಕಾದ ಜವಾಬು ಅಲ್ಲ ಅಂತ ಬರೀಲಾರದ ಬಿಡಬಾರದು.”

ಬೇರೆ ಲ್ಯಾಬುಗಳಲ್ಲಿ ಕೆಲಸ ಮಾಡುವ ನನ್ನ ಜೊತೆಯವರು ಇದಕ್ಕೆ ನಗುತ್ತಿದ್ದರು. ಅವರ ಕಡೆ ಖಾಲಿ ಸೂಜಿ ಅಂದರೆ ‘ಮಾದರಿ ಸಾಲದು’ ಎಂದು ಬರೆದು ರೋಗಿಯನ್ನು ಕಳಿಸುವುದೇ ರೂಢಿ.

ಮಧ್ಯಾಹ್ನ ಚಹಾ ಕುಡಿಯುವಾಗ ಮಾತ್ರ ಅವರ ಬಾಯಿ ಬಿಚ್ಚುತ್ತಿತ್ತು. ಜೊತೆಗೆ ಓದಿದ ಯಾರೋ ಹಳೆಯ ವೈದ್ಯಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ತಡವಾಗಿ ಬಂದದ್ದನ್ನು ಇವರು ಅಂದಿನ ಪೇಪರಿನಂತೆ ಓದುವರು. ಒಂದು ದಿನ ಕೇಳಿದರು:

“ಎರಡು ಜಾತಿ ಇಲಿ ಅದಾವ ತಮ್ಮಾ. ಎರಡೂ ಬಿಳಚಿಕೊಂಡಾವ, ಎರಡಕ್ಕೂ ರಕ್ತ ಕಡಿಮಿ. ಮಾರಿ ನೋಡಿದ್ರ ಅಣ್ಣ ತಮ್ಮ ಅನಬೇಕು. ಒಂದರೊಳಗ ರಕ್ತ ಹುಟ್ಟಸೂ ತಾಯಿಕೋಶನೇ ಕೆಟ್ಟದ. ಇನ್ನೊಂದರೊಳಗ ತಾಯಿಕೋಶ ಚಲೋ ಅದ, ಅದು ಕೂಡೂ ಜಾಗಾ ಕೆಟ್ಟದ. ಯಾವುದು ಯಾವುದು ಅಂತ ಹ್ಯಾಂಗ ತಿಳಕೊಳ್ಳೂದು?”

“ಗೊತ್ತಿಲ್ರಿ.”

“ಜಾಗಾ ಕೆಟ್ಟ ಇಲೀದು ಮಜ್ಜಿ ತಗದು ಕೋಶ ಕೆಟ್ಟ ಇಲಿಗಿ ಹಾಕಿದ್ರು. ಅದು ಕೆಂಪಾತು, ಚಂದಾಗಿ ಓಡ್ಯಾಡ್ತು. ಜಾಗಾ ಕೆಟ್ಟದ್ದಕ್ಕ ಎಂಥಾ ಚಲೋ ಮಜ್ಜಿ ತಂದು ಹಾಕಿದ್ರೂ ಏನೂ ಆಗಲಿಲ್ಲ. ಬಂದವು ಎಲ್ಲಿ ಕೂಡಬೇಕು ಹೇಳು?”

ಪುಸ್ತಕದ ಕನ್ನಡದಲ್ಲಿ ಕಾಂಡಕೋಶ ಅನ್ನುವುದನ್ನೇ ಅವರು ತಾಯಿಕೋಶ ಅನ್ನುತ್ತಿದ್ದದ್ದು. ಅದು ತನ್ನಷ್ಟಕ್ಕೆ ತಾನು ತಾಯಿಯಲ್ಲ ಎಂದು ಯಾರೋ ವಾದ ಹೂಡಿದ್ದಾರಂತೆ. ಎಲುಬಿನೊಳಗೆ ಅದಕ್ಕೊಂದು ಗೂಡು ಇದೆ. ಅಕ್ಕಪಕ್ಕದ ಕೋಶಗಳು ಈಗ ಸುಮ್ಮನಿರು, ಈಗ ಒಡೆದು ಎರಡಾಗು, ಈಗ ಸಾಕು ನಿಲ್ಲಿಸು ಎಂದು ಅದಕ್ಕೆ ತಿಳಿಸುತ್ತಿರುತ್ತವೆ. ಗೂಡಿನಲ್ಲಿ ಇರುವ ತನಕ ಅದು ತಾಯಿ. ಹೊರಬಿದ್ದರೆ ಬೇರೆ ಏನೋ ಆಗಿ ಬೆಳೆದು, ಕೆಲಸ ಮಾಡಿ, ಸವೆದು ಹೋಗುತ್ತದೆ. “ಇದೆಲ್ಲಾ ಇನ್ನೂ ಪಕ್ಕಾ ಆಗಿಲ್ಲ” ಎಂದು ಸೇರಿಸಿದರು. “ಆದ್ರ ನನಗ ಖರೆ ಅನಸ್ತದ.”

ಹೈದರಾಬಾದಿನಲ್ಲಿದ್ದ ಅವರ ತಮ್ಮ ಪ್ರತಿ ರಂಜಾನಿಗೆ ಬಂದು, ಅಲ್ಲಿಯ ದೊಡ್ಡ ಲ್ಯಾಬಿಗೆ ಬಾ ಎಂದು ಕರೆಯುತ್ತಿದ್ದ. ಅವನು ಹೋದ ಮೇಲೆ ಒಮ್ಮೆ ಅಂದದ್ದು ನೆನಪಿದೆ. “ಈ ಕುರ್ಚಿ ಮ್ಯಾಲ ಕೂತೇನಿ ಅಂತ ಮಂದಿ ನನ್ನ ಡಾಕ್ಟರ್ ಅಂತಾರ. ಇದನ್ನ ಬಿಟ್ಟು ಹೋದ್ರ ಏನ್ ಆಗ್ತೇನೋ, ನನಗೂ ಗೊತ್ತಿಲ್ಲ.” ನಗು ಇರಲಿಲ್ಲ ಆ ಮಾತಿನಲ್ಲಿ. ಲೋಟ ತೊಳೆಯಲು ಎದ್ದರು.

ಬಾಯಾರ ವಿಷಯ ಹೇಳಬೇಕೆಂದರೆ ಶರಣಪ್ಪನ ವಿಷಯ ಹೇಳಲೇಬೇಕು.

ಎಂಬತ್ತಾರರ ಚಳಿಗಾಲ, ಧಾನ್ಯದ ಪೇಟೆಯಾದ ಗಂಜಿಗೆ ತೊಗರಿ ಬರುವ ಹಂಗಾಮು. ಶರಣಪ್ಪ ನಿಂಬರ್ಗಾದವನು, ಗಂಜಿನ ಅಡತಿ ಅಂಗಡಿಗಳಲ್ಲಿ ಹಮಾಲ. ವಯಸ್ಸು ಐವತ್ತರ ಆಚೆ. ಹೆಂಡತಿ ಕಾಶೀಬಾಯಿ ಅವನನ್ನು ಹೆಚ್ಚುಕಡಿಮೆ ನೂಕಿಕೊಂಡೇ ಒಳಗೆ ತಂದಳು. ಅವನು ಹೊಟ್ಟೆಗೆ ಬಿಗಿದಿದ್ದ ರುಮಾಲು ಬಿಚ್ಚಿದ. ಎಡಗಡೆ ಪಕ್ಕೆಯ ಕೆಳಗಿನಿಂದ ಹೊಕ್ಕುಳು ದಾಟಿ ಗಟ್ಟಿಯಾದ ಉಬ್ಬು. ಅದರ ಮೇಲೆ ಸಾಲಾಗಿ ಕಾದ ಕಬ್ಬಿಣದ ಹಳೆಯ ಬರೆಗಳು. ಹೊಟ್ಟೆಯ ಗಡ್ಡೆಗೆ ಬರೆ ಹಾಕಿಸುವುದು ನಮ್ಮ ಕಡೆ ಈಗಲೂ ಇದೆ.

“ಬಾಯಾರ, ಹೊಟ್ಟ್ಯಾಗೊಂದು ಚೀಲ ಅದರಿ,” ಅಂದ ಶರಣಪ್ಪ. “ಹೆಗಲಿನ ಚೀಲ ಆಗಿಂದಾಗ ಇಳಸ್ತೇನಿ. ಇದನ್ನ ಇಳಸವ್ರು ಸಿಗವಲ್ರು.”

“ಯಾವಾಗಿನಿಂದ ಅದ?”

“ಈಗೀಗ ರಿ.”

“ಸುಳ್ಳು ರಿ ಬಾಯಾರ,” ಎಂದಳು ಕಾಶೀಬಾಯಿ. “ಮೂರು ವರ್ಷ ಆತು. ಮುಕಾದಮನ ಕಣ್ಣಿಗೆ ಬೀಳಬಾರದು ಅಂತ ದಿನಾ ರುಮಾಲು ಬಿಗದು ಹೋಗ್ತಾನ.”

“ಸುಮ್ನಿರ ಬೇ. ರೋಗ ನಂದೋ ನಿಂದೋ?”

ರುಮಾಲಿಗೆ ಕಾರಣವಿತ್ತು. ಗಂಜಿನಲ್ಲಿ ಹಮಾಲರದು ಟೋಳಿ, ಅಂದರೆ ಗುಂಪು ಕಟ್ಟಿ ಮಾಡುವ ಕೆಲಸ. ದಿನದ ದುಡಿಮೆಯನ್ನು ಮುಕಾದಮ ಸಂಜೆ ಪಾಲು ಮಾಡಿ ಹಂಚುತ್ತಾನೆ. ಚೀಲ ಹೊರಲಾಗದವನಿಗೆ ಪಾಲಿಲ್ಲ. ಹಂಗಾಮಿನ ನಡುವೆ ಒಮ್ಮೆ ಟೋಳಿ ಬಿಟ್ಟವನನ್ನು ಮುಂದಿನ ಹಂಗಾಮಿನ ತನಕ ಸೇರಿಸಿಕೊಳ್ಳುವುದೂ ಇಲ್ಲ.

ರಕ್ತದ ಸ್ಲೈಡು ನೋಡುತ್ತಲೇ ಬಾಯಾರು ಚಪ್ಪಲಿ ಕಳಚಿದರು. ನನ್ನನ್ನೂ ಕರೆದು ತೋರಿಸಿದರು. ಕೆಂಪು ಕಣಗಳು ದುಂಡಗಿರಲಿಲ್ಲ, ಒಂದೊಂದಕ್ಕೂ ಬಾಲ. ಪುಸ್ತಕದಲ್ಲಿ ಅದಕ್ಕೆ ಕಣ್ಣೀರಿನ ಹನಿಯ ಹೆಸರಿದೆ. ಬಾಯಾರಿಗೆ ಆ ಹೆಸರು ಸೇರುತ್ತಿರಲಿಲ್ಲ. “ಕಣ್ಣೀರೂ ಅಲ್ಲ, ಏನೂ ಅಲ್ಲ. ಇಕ್ಕಟ್ಟಿನ್ಯಾಗ ನುಸುಳಿ ಬರುವಾಗ ಎಳದಾಡಿ ಬಾಲ ಬಂದದ.” ಎಲುಬಿನೊಳಗೇ ಬೆಳೆಯುತ್ತ ಇರಬೇಕಾದ ಎಳೆಯ ಕಣಗಳು ಕೂಡ ರಕ್ತದಲ್ಲಿ ತಿರುಗಾಡುತ್ತಿದ್ದವು. “ಇವು ಈ ವಯಸ್ಸಿನ್ಯಾಗ ಹೊರಗ್ಯಾಕ ಅದಾವ? ಮನ್ಯಾಗ ಏನೋ ಆಗ್ಯದ.”

ಶರಣಪ್ಪನಿಗೆ ತಿಳಿಯಲೆಂದು ಮಜ್ಜೆಗೆ ಅಡುಗೆಮನೆಯ ಹೆಸರು ಕೊಟ್ಟು ಹೇಳಿದರು: “ಎಲುಬಿನ ಒಳಗಿನ ನಳ್ಳಿ ನೋಡಬೇಕು.”

“ಅಯ್ಯ, ನಮ್ಮಲ್ಲಿ ಅದನ್ನೆಲ್ಲಾ ತಿನ್ನಂಗಿಲ್ರಿ.”

“ನಾ ಏನ್ ತಿನ್ನಾಕ ಕೇಳಾಕತ್ತೇನೇನು? ನಿಂದೇ ನಳ್ಳಿ, ಬರೇ ನೋಡ್ತೇನಿ.”

ಬಲಗಡೆ ಸೂಜಿ ಹಾಕಿದರು. ಖಾಲಿ. ಎಡಗಡೆಯೂ ಖಾಲಿ. ಶರಣಪ್ಪನ ಹಣೆಯ ಬೆವರು ಮಂಚದ ರಬ್ಬರಿಗೆ ಇಳಿಯುತ್ತಿತ್ತು.

“ಏನ್ ಬಂತ್ರಿ?”

“ಏನೂ ಬರಲಿಲ್ಲ.”

“ಮತ್ತ ಯಾಕ ಚುಚ್ಚಿದ್ರಿ?”

“ಏನೂ ಬರಂಗಿಲ್ಲ ಅಂತ ತಿಳಕೊಳ್ಳಾಕ.”

“ಚಲೋ ಆತು,” ಎಂದ ಅವನು ಕಣ್ಣು ಮುಚ್ಚಿಕೊಂಡೇ. “ಗಂಜಿನ್ಯಾಗ ಹಿಂಗ ಖಾಲಿ ಚೀಲಕ್ಕ ಕೂಲಿ ಕೇಳಿದ್ರ ಒದೀತಾರ.”

ಬೇರೊಂದು ಸೂಜಿಯಿಂದ ಎಲುಬಿನದೇ ಸಣ್ಣ ತುಂಡು ತೆಗೆದು ನಗರದ ದೊಡ್ಡ ಲ್ಯಾಬಿಗೆ ಕಳಿಸಿದೆವು. ಜವಾಬು ಬರಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಭಾನುವಾರ ಬಂತು. ಭಾನುವಾರಕ್ಕೊಮ್ಮೆ ನಮ್ಮಲ್ಲಿಗೆ ಹೊರಗಿನಿಂದ ಒಬ್ಬ ಸರ್ಜನ್ ಬರುತ್ತಿದ್ದರು. ಎಡಪಕ್ಕೆಯ ಕೆಳಗಿರುವ ಗುಲ್ಮ ಉಬ್ಬಿದರೆ ಅದನ್ನು ತೆಗೆಯುವುದು ಅವರಿಗೆ ಕೈಗೆ ಕೂತ ಕೆಲಸ. ಶರಣಪ್ಪನ ಹೊಟ್ಟೆ ನೋಡಿ ದಿನ ಗೊತ್ತು ಮಾಡೋಣ ಅಂದರು. ಬಾಯಾರು ಬೇಡ ಅಂದರು.

“ಯಾಕ್ರಿ?”

“ಮಜ್ಜಿ ಎರಡೂ ಕಡೆ ಒಣ ಅದ. ಎಲುಬಿನೊಳಗ ನಾರು ಬೆಳದದ ಅಂತ ನನ್ನ ಅನುಮಾನ. ರಕ್ತ ಹುಟ್ಟಸೂ ಕೋಶ ಅಲ್ಲಿ ಇರಲಾರದ ಗುಲ್ಮಕ್ಕ ಬಂದು ಕೂತಾವ. ಅದಕ್ಕ ಅದು ಉಬ್ಬ್ಯದ.”

ಸರ್ಜನ್ ನಕ್ಕರು. “ಬಾಯಾರ, ಸೂಜಿ ಸರಿ ಬೀಳಲಿಲ್ಲ ಅಂದ್ರ ಬೀಳಲಿಲ್ಲ ಅನ್ರಿ. ಮಜ್ಜಿ ಎದ್ದು ಊರು ಬಿಟ್ಟು ಹೋಗ್ಯದ ಅಂತ ಯಾಕ ಹೇಳ್ತೀರಿ?”

ಬಾಯಾರು ಸೂಜಿಯ ಟ್ರೇಯನ್ನು ಅವರ ಕಡೆ ಸರಿಸಿದರು. “ನೀವೇ ಹಾಕ್ರಿ.”

ಪಾಪ, ಶರಣಪ್ಪ ಮತ್ತೊಮ್ಮೆ ಮಲಗಿದ. ಸರ್ಜನ್ ಬಲವಾದ ಕೈಯಿಂದ ಎಳೆದರು, ಜಾಗ ಬದಲಿಸಿ ಮತ್ತೆ ಎಳೆದರು. ಸಿರಿಂಜಿನಲ್ಲಿ ಗಾಳಿ.

“ನನ್ನ ಸೂಜಿನೂ ನಿಮ್ಮ ಮಾತೇ ಕೇಳ್ತದಲ್ಲ,” ಎಂದು ಕೈಗವಸು ಕಳಚಿದರು. ಆಮೇಲೆ ನಗು ಬಿಟ್ಟು ಕೇಳಿದರು: “ಒಪ್ಪಿದೆ. ಆದ್ರ ಅಂವಗ ಏನ್ ಹೇಳ್ತೀರಿ? ಹೊಟ್ಟ್ಯಾಗ ಅದನ್ನ ಹೊತ್ಕೊಂಡೇ ಸಾಯಿ ಅಂತನಾ?”

“ಅದನ್ನೇ ಯೋಚನಿ ಮಾಡಾಕತ್ತೇನಿ,” ಎಂದರು ಬಾಯಾರು.

ನಗರದಿಂದ ವರದಿ ಬಂತು. ಮಜ್ಜೆ ಇರಬೇಕಾದ ಕಡೆ ನಾರೇ ನಾರು. ಬಾಯಾರ ಅನುಮಾನ ಸರಿಯಾಗಿತ್ತು. ಆದರೆ ಅದನ್ನು ಕೇಳಲು ಶರಣಪ್ಪ ಬರಲಿಲ್ಲ. ಕಾಶೀಬಾಯಿ ಒಬ್ಬಳೇ ಬಂದಳು. ಅವನ ತಮ್ಮಂದಿರು ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದರು. ಅಲ್ಲೊಬ್ಬ ಡಾಕ್ಟರು ಗಡ್ಡೆ ತೆಗೆಯಲು ಒಪ್ಪಿದ್ದಾರೆ, ಮುಂದಿನ ವಾರ ಹೊರಡುತ್ತಾನೆ ಎಂದಳು. “ಮುಂದಿನ ಹಂಗಾಮಿಗಿ ಮತ್ತ ಚೀಲ ಹೊರಬೇಕಂತ ರಿ ಅಂವಗ. ನಾ ಹೇಳಿದ್ರ ಕೇಳಂಗಿಲ್ಲ.”

ಅವತ್ತು ಮಧ್ಯಾಹ್ನ ಬಾಯಾರು ಕೋಟು ತೆಗೆದಿಟ್ಟು, “ನಡಿ ತಮ್ಮಾ, ಗಂಜಿಗಿ” ಎಂದರು. ರೋಗಿಯನ್ನು ಹುಡುಕಿಕೊಂಡು ಅವರು ಹೊರಗೆ ಕಾಲಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಗಂಜಿನಲ್ಲಿ ತೊಗರಿಯ ಧೂಳು ಮೂಗಿಗೆ ಅಡರುತ್ತಿತ್ತು. ಶರಣಪ್ಪ ಹೆಗಲ ಮೇಲೆ ಚೀಲ ಇಟ್ಟುಕೊಂಡು ಲಾರಿಗೆ ಹಾಕಿದ ಹಲಗೆ ಏರುತ್ತಿದ್ದ. ಹಲಗೆ ತೂಗಿದಾಗ ಒಂದು ಕೈ ಚೀಲ ಬಿಟ್ಟು ಹೊಟ್ಟೆಗೆ ಬರುತ್ತಿತ್ತು. ಬಾಯಾರು ನೋಡುತ್ತ ನಿಂತರು.

“ಅರೆ ಶರಣಪ್ಪಾ, ದವಾಖಾನಿನೇ ಗಂಜಿಗಿ ಬಂದದ ನೋಡಲೇ!” ಎಂದು ಮುಕಾದಮ ಚಾಚಾ ಕೂಗಿದ. ಅವನೇ ಬಾಯಾರಿಗೆ ಚಹಾದಂಗಡಿಯ ಬೆಂಚು ಒರೆಸಿ ಕೊಟ್ಟ.

ಶರಣಪ್ಪ ಬಂದು ಎದುರಿಗೆ ಚೀಲದ ಮೇಲೆ ಕೂತ. ಮುಖ ಬಿಳಿಚಿ, ಏದುಸಿರು.

“ಸೊಲ್ಲಾಪುರಕ್ಕ ಹೊಂಟಿಯಂತ.”

“ಹೌದ್ರಿ. ನಿಮ್ಮಂಗ ಸಾರಿ ಸಾರಿ ಚುಚ್ಚಂಗಿಲ್ಲ ಅಂವ. ಒಮ್ಮಿಗೇ ಇಳಸ್ತಾನ.”

“ತಮ್ಮಂದಿರು ಯಾಕ ಹೋದ್ರು ಅಲ್ಲಿಗಿ?”

ಈ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. “ನಿಂಬರ್ಗಾದಾಗ ಏನದ್ರಿ ನಮ್ದು? ಅಪ್ಪನ ಹೊಲ ಇಳಿಜಾರಿನ್ಯಾಗ ಇತ್ತು. ಮಣ್ಣೆಲ್ಲಾ ಹಳ್ಳಕ್ಕ ಹೋತು, ಫರಸಿ ಉಳೀತು. ಫರಸಿ ಮ್ಯಾಲ ಜ್ವಾಳ ಬೆಳೀತದೇನ್ರಿ?”

“ಅಲ್ಲಿ ಹ್ಯಾಂಗ ಅದಾರ?”

“ಒಂದೇ ಖೋಲಿ, ಮೂರು ಸಂಸಾರ. ರಾತ್ರಿ ಕಾಲು ಚಾಚಿದ್ರ ಇನ್ನೊಬ್ಬರ ಮೈಮ್ಯಾಲ ಬೀಳ್ತದ. ಆದ್ರೂ ತಿಂಗಳಾ ಊರಿಗಿ ಕಳಸ್ತಾರ. ನಮ್ಮವ್ವ ಅದರ ಮ್ಯಾಲೇ ಅದಾಳ.”

“ಆ ಖೋಲಿ ಭಾಳ ತುಂಬ್ಯದ, ಇನ್ನೇನು ಒಡೀತದ ಅಂತ ಯಾರರ ಬಂದು ಕೆಡವಿದ್ರ?”

“ಕೆಡವಿದ್ರ ಏನ್ರಿ, ಎಲ್ಲಾರೂ ಊರಿಗಿ ಬಂದು ಫರಸಿ ತಿನ್ನಬೇಕು.”

ಬಾಯಾರು ಬಗ್ಗಿ, ರುಮಾಲಿನ ಮೇಲಿಂದಲೇ ಅವನ ಹೊಟ್ಟೆಯ ಎಡಗಡೆ ನೇರಳೆ ಬೆರಳಿಟ್ಟರು.

“ನಿನ್ನ ಎಲುಬಿನ್ಯಾಗ ಫರಸಿ ಆಗ್ಯದ ಶರಣಪ್ಪಾ. ರಕ್ತ ಮಾಡೂ ಮಂದಿ ಅಲ್ಲಿ ಇರಲಾರದ ಎದ್ದು ಇಲ್ಲಿ ಬಂದು ಕೂತಾರ. ಇದು ಗಡ್ಡಿ ಅಲ್ಲ. ಇದು ನಿನ್ನ ಸೊಲ್ಲಾಪುರ.”

ಶರಣಪ್ಪನ ಕೈ ರುಮಾಲಿಗೆ ಹೋಯಿತು. ಮುಕಾದಮ ಚಾಚಾ ಬೀಡಿ ಹಚ್ಚುವುದನ್ನು ಬಿಟ್ಟು ಅವನ ಹೊಟ್ಟೆಯನ್ನೇ ನೋಡುತ್ತಿದ್ದ. ಗುಟ್ಟು ಬಯಲಾಗಿತ್ತು.

“ನನ್ನ ರಕ್ತ ಎಲ್ಲಾ ಇಲ್ಲೇ ಆಗ್ತದೇನ್ರಿ?”

“ಎಷ್ಟು ಅಂತ ನನಗ ಗೊತ್ತಿಲ್ಲ. ಇಲ್ಲಿ ಕೂತವು ಎಲುಬಿನ್ಯಾಗ ಮಾಡಿದಂಗ ಕೆಲಸ ಮಾಡಂಗಿಲ್ಲ. ಹುಟ್ಟಿದ ರಕ್ತ ಒಂದಿಷ್ಟು ಗುಲ್ಮನೇ ತಿಂತದ. ತಗಸಿದ್ರ ಕೆಲವರು ಚಲೋ ಆಗ್ತಾರ, ಕೆಲವರು ಟೇಬಲ್ ಮ್ಯಾಲೇ ರಕ್ತ ಸುರದು ಹೋಗ್ತಾರ. ನಿನ್ನ ರಕ್ತ ನೋಡೇನಿ. ನಾ ನಿನ್ನ ಜಾಗಾದಾಗ ಇದ್ರ ತಗಸಂಗಿಲ್ಲ.”

“ಹಂಗಾರ ಚೀಲ ಹೊರ್ಲೇನು?”

“ಹೊರಬಾರದು. ಒಂದು ಚೀಲ ಜಾರಿ ಇಲ್ಲಿ ಬಡೀತಂದ್ರ ಮುಗೀತು.”

“ತಗಸಬಾರದು, ಹೊರಬಾರದು. ಮತ್ತ ಇರೂದು ಹ್ಯಾಂಗ ರಿ?”

ಬಾಯಾರು ಮುಕಾದಮನ ಕಡೆ ತಿರುಗಿದರು. ಅವನು ಮೊದಲು ಆಗದು ಎಂದು ತಲೆಯಾಡಿಸಿದ. ಟೋಳಿ ತನ್ನೊಬ್ಬನದಲ್ಲ, ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ. ಆಮೇಲೆ ತುಂಬಿದ ಚೀಲಗಳ ಬಾಯಿ ಹೊಲಿಯುವ ಮುದುಕ ಮಗಳ ಮನೆಗೆ ಹೋದವನು ಇನ್ನೂ ಬಂದಿಲ್ಲ ಎಂದು ತಾನೇ ಹೇಳಿದ. ಹೊಲಿಯುವವನಿಗೆ ಅರ್ಧ ಪಾಲು.

ಶರಣಪ್ಪನ ಮೈಯಲ್ಲಿ ಮುಖ ಕೆಂಪಾಗುವಷ್ಟು ರಕ್ತ ಇರಲಿಲ್ಲ. ದನಿ ಮಾತ್ರ ಏರಿತು. “ಹುಡುಗ ಇದ್ದಾಗಿಂದ ಚೀಲ ಹೊತ್ತೇನಿ. ಈಗ ಮುದುಕರಂಗ ದಬ್ಬಣ ಹಿಡದು ನೆಳ್ಳಿಗಿ ಕೂಡ್ಲೇನ್ರಿ? ಮಂದಿ ಏನಂದಾರು?”

ಬಾಯಾರು ಎರಡೂ ಕೈಯ ಬೆರಳು ಚಾಚಿ ತೋರಿಸಿದರು. “ನಾ ಹರೇದಾಗಿಂದ ಸೂಜಿ ಹಿಡದು ನೆಳ್ಳಿಗೇ ಕೂತೇನಿ. ನನಗ ಏನಂತಾರ ಅದನ್ನೇ ನಿನಗೂ ಅಂತಾರ.”

ಅವನು ಎದ್ದು ಚೀಲಗಳ ಕಡೆ ಹೋದ. ಹಿಂದಿರುಗಿ ಬಂದು ಬಾಯಾರು ದವಾಖಾನೆಯ ಮೆಟ್ಟಿಲ ಹತ್ತಿರ ನಿಂತು, “ಅಂವ ಹೋದ್ರೂ ಹೋಗಬಹುದು” ಎಂದರಷ್ಟೇ.

ಹೋಗಲಿಲ್ಲ. ಮುಂದಿನ ವಾರ ನಾನು ಗಂಜಿನ ಕಡೆ ಹೋದಾಗ ಬೇವಿನ ನೆರಳಿಗೆ ಕೂತು, ಮೊಣಕಾಲ ನಡುವೆ ಚೀಲ ಹಿಡಿದು ಹೊಲಿಯುತ್ತಿದ್ದ. ನನ್ನನ್ನು ನೋಡಿ ದಬ್ಬಣ ಎತ್ತಿ ತೋರಿಸಿದ. “ಹೇಳು ನಿಮ್ಮ ಬಾಯಾರಿಗೆ. ಅವರ ಸೂಜಿ ಖಾಲಿ ಬರ್ತದ, ನಂದು ನೋಡು, ಚುಚ್ಚಿದ್ರ ತೊಗರಿ ಬರ್ತದ!”

ಹೇಳಿದೆ. ಬಾಯಾರು ನಕ್ಕರು. ಅವರು ನಕ್ಕದ್ದನ್ನು ನಾನು ಡೈರಿಯಲ್ಲಿ ಬರೆದುಕೊಂಡ ಒಂದೇ ಸಲ ಅದು.

ಆಮೇಲಿನ ವರ್ಷಗಳಲ್ಲಿ ಶರಣಪ್ಪ ರಕ್ತ ಹಾಕಿಸಿಕೊಳ್ಳಲು ಬರುತ್ತಿದ್ದ. ಮೊದಲು ಅಪರೂಪಕ್ಕೆ, ಆಮೇಲೆ ಬೇಗ ಬೇಗ. ರಕ್ತ ಕೊಡಲು ತಮ್ಮಂದಿರು ಪಾಳಿ ಹಚ್ಚಿ ಸೊಲ್ಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. “ಒಳಗಿನ ಸೊಲ್ಲಾಪುರ ಸಾಲವಲ್ದು, ಹೊರಗಿಂದು ಬಂದದ ನೋಡ್ರಿ” ಎಂದು ಅವರನ್ನು ಪರಿಚಯಿಸುತ್ತಿದ್ದ. ಹೊಟ್ಟೆ ಮಾತ್ರ ಬೆಳೆಯುತ್ತಲೇ ಹೋಯಿತು. ಎರಡು ತುತ್ತಿಗೆ ಸಾಕಾಗುತ್ತಿತ್ತು. ಕೈಕಾಲು ಸಣ್ಣಗಾದವು. ಒಮ್ಮೊಮ್ಮೆ ರಕ್ತದ ಬಾಟಲಿಯ ಕೆಳಗೆ ಮಲಗಿ, “ಕಡೀಗೂ ಇಳಸಲಿಲ್ಲ ನೀವು” ಅನ್ನುತ್ತಿದ್ದ. ಬಾಯಾರು ನಾಡಿ ಹಿಡಿದು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಪತ್ರಿಕೆ ಓದುತ್ತಿದ್ದವರು ಅದನ್ನು ಮಗುಚಿ ಇಟ್ಟರು. ಇಂಥ ರೋಗಿಗಳಲ್ಲಿ ಗುಲ್ಮ ಮಾಡುವ ರಕ್ತ ಅಷ್ಟಕ್ಕಷ್ಟೇ, ರೋಗಿಯನ್ನು ನೋಡಿ ಆರಿಸಿ ಅದನ್ನು ತೆಗೆದರೆ ಕೆಲವರಿಗೆ ಹಗುರವಾಗುತ್ತದೆ ಎಂದು ಯಾರೋ ಬರೆದಿದ್ದರಂತೆ.

“ಗಂಜಿನ್ಯಾಗ ನೀವೂ ಅದನ್ನೇ ಹೇಳಿದ್ರಲ್ರಿ,” ಅಂದೆ. “ಎಷ್ಟು ಅಂತ ಗೊತ್ತಿಲ್ಲ ಅಂದಿದ್ರಿ.”

“ಗೊತ್ತಿಲ್ಲ ಅಂದೆ. ಅಂದು, ಬ್ಯಾಡ ಅಂತನೂ ಅಂದೆ. ಅಂವನ ಕಿವಿಗಿ ಬಿದ್ದದ್ದು ಬ್ಯಾಡ ಅನ್ನೂದು ಒಂದೇ.” ಮೇಜಿನ ಕೆಳಗೆ ಚಪ್ಪಲಿ ಕಳಚಿದರು. “ಕೆಲವರು ಅಂದ್ರ ಯಾರು ತಮ್ಮಾ? ಅಂವ ಆ ಕೆಲವರೊಳಗ ಇದ್ದನೇನು?”

ಅದಕ್ಕೆ ಯಾವ ಸ್ಲೈಡೂ ಇರಲಿಲ್ಲ. ಆ ದಿನದಿಂದ ಶರಣಪ್ಪ ಬರುವ ದಿನಗಳಲ್ಲಿ ಅವರು ಬರಿಗಾಲಲ್ಲೇ ಕೂತಿರುತ್ತಿದ್ದರು.

ಹೋದ ಚಳಿಗಾಲ ಜ್ವರ ಬಂದು ಎದೆಗೆ ಇಳಿದು ಶರಣಪ್ಪ ತೀರಿಕೊಂಡ. ನಿಂಬರ್ಗಾದಲ್ಲೇ ಮಣ್ಣು ಮಾಡಿದರು. ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಾಯಾರು ಅವನ ಸ್ಲೈಡುಗಳ ಪೆಟ್ಟಿಗೆ ತೆಗೆದು ಒರೆಸಿ, ಮತ್ತೆ ಅಲ್ಲೇ ಇಟ್ಟರು.

ಇನ್ನು ಆ ಕೊನೆಯ ದಿನ. ಸಮಾರಂಭದಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಅಧ್ಯಕ್ಷರು ಸೇವೆಯ ಬಗ್ಗೆ ಮಾತಾಡಿದರು. ಮಾತಾಡಿ ಎಂದು ಬಾಯಾರನ್ನು ನಿಲ್ಲಿಸಿದಾಗ, “ಕೂತು ಕೂತು ಸೊಂಟ ಹಿಡದದ. ಎಲ್ಲಾರೂ ಚಹಾ ಕುಡೀರಿ” ಎಂದು ಕೂತುಬಿಟ್ಟರು. ಆಮೇಲೆ ಲ್ಯಾಬಿಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಜೇವರ್ಗಿಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದರು. ಟ್ರಂಕು ಬಾಗಿಲ ಹತ್ತಿರ ಇತ್ತು. ಮೈಕ್ರೋಸ್ಕೋಪಿನ ಕನ್ನಡಿ ಹೇಗೆ ಒರೆಸಬೇಕು ಎಂದು ಎಂಟು ವರ್ಷದಿಂದ ಹೇಳುತ್ತಿದ್ದದ್ದನ್ನೇ ಇನ್ನೊಮ್ಮೆ ಹೇಳಿದರು. ಬಗ್ಗಿ ನೋಡಿದೆ. ಬರಿಗಾಲು.

ಆಗ ಕಾಶೀಬಾಯಿ ಬಂದಳು. ತನ್ನ ಕೆಮ್ಮಿಗೆ ಔಷಧಿ ಒಯ್ಯಲು ಬಂದವಳು ಸುದ್ದಿ ಕೇಳಿ ಒಳಗೆ ಇಣುಕಿದ್ದಳು. ಅವಳ ಸೆರಗಿನಲ್ಲಿದ್ದ ಬಾಳೆಹಣ್ಣು ನೋಡಿ, ಯಾರೋ ಆಗಲೇ ಅವಳಿಗೂ ಸಮಾರಂಭದ ಪಾಲು ಕೊಟ್ಟಿದ್ದಾರೆ ಎಂದು ತಿಳಿಯಿತು.

“ಹೊಂಟ್ರಂತ?”

“ಹೊಂಟೆ. ಕೂಡು ಬಾ.”

ಅವಳು ಸ್ಟೂಲಿನ ಮೇಲೆ ಕೂತಳು. ಬಾಯಾರು ಕೆಮ್ಮಿನ ಬಗ್ಗೆ ವಿಚಾರಿಸಿದರು, ಮೊಮ್ಮಕ್ಕಳ ಬಗ್ಗೆ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು.

“ಶರಣಪ್ಪ ಕೊನೀಕ ನನ್ನ ಬೈತಿದ್ದನೇನು?”

“ಬೈಲಾರದ ಇರ್ತಾನೇನ್ರಿ?” ಎಂದಳು ಕಾಶೀಬಾಯಿ. “ಉಣ್ಣಾಕ ಕೂತಾಗೆಲ್ಲಾ ಬೈತಿದ್ದ. ಎರಡು ತುತ್ತಿಗೆ ಹೊಟ್ಟಿ ತುಂಬಿ, ‘ಬಾಯಾರ ಮಾತು ಕೇಳಿ ಕೆಟ್ಟೆ’ ಅಂತ ಗಂಗಾಳ ಸರಸ್ತಿದ್ದ. ನನ್ನನ್ನೂ ಬೈತಿದ್ದ.”

ಬಾಯಾರು ತಲೆಯಾಡಿಸಿದರು.

“ಆದ್ರ ರಿ,” ಎಂದಳು ಅವಳು, “ಹುಡುಗೂರು ಬಂದು ಮೈಮ್ಯಾಲ ಬಿದ್ದು ಆಡಾಕ ಹತ್ತಿದ್ವು ಅಂದ್ರ ಹಿಂಗ ಹೊಟ್ಟಿಗಿ ಕೈ ಅಡ್ಡ ಇಡ್ತಿದ್ದ. ‘ಲೇ, ದೂರ ಆಡ್ರಿ, ಗದ್ದಲ ಮಾಡಬ್ಯಾಡ್ರಿ. ಒಳಗ ನಮ್ಮ ಮಂದಿ ದುಡ್ಯಾಕತ್ತಾರ’ ಅಂತಿದ್ದ. ಸಾಯೂ ಮುಂಜಾನಿನೂ ಅಂದ. ಜ್ವರದಾಗ ಮಾತು ಆಡಾಕ ಬರ್ತಿರಲಿಲ್ಲ, ಅದೊಂದು ಅಂದ.”

ಕಿಟಕಿಯ ಹೊರಗೆ ಟಾಂಗಾದವನು ಗಂಟೆ ಬಾರಿಸಿದ. ಬಾಯಾರು ಕನ್ನಡಕ ಹಾಕಿಕೊಂಡರು. ಮೇಜಿನ ಕೆಳಗೆ ಅವರ ಕಾಲು ಚಪ್ಪಲಿ ಹುಡುಕಿತು. ಒಂದು ಸಿಕ್ಕಿತು, ಇನ್ನೊಂದು ಗೋಡೆಯ ತನಕ ಸರಿದಿತ್ತು. ಕಾಶೀಬಾಯಿ ಬಗ್ಗಿ ಅದನ್ನು ಎಳೆದು ಅವರ ಕಾಲ ಮುಂದೆ ಇಟ್ಟಳು.

“ನಡಿ ತಮ್ಮಾ,” ಎಂದರು ಬಾಯಾರು, ಎರಡೂ ಕಾಲು ಊರಿ ಎದ್ದು ನಿಂತು. “ಟ್ರಂಕು ಹಿಡಿ. ಬಸ್ಸು ತಪ್ಪತದ.”